ಡೆರಿಕ್‌ಗೆ ನಾವು ಕೊಟ್ಟ ಪದವಿ

ಮಾಂಗೆರೆ, ಆಕ್ಲೆಂಡ್
೧೪ ಜುಲೈ ೨೦೧೯, ಭಾನುವಾರ

ಪ್ರೀತಿಯ ಪೆನಿ ಅಣ್ಣನಿಗೆ,

ನಿನ್ನ ತಂಗಿ ಫುವಾತಿನೊ ಮಾಡುವ ನಮಸ್ಕಾರಗಳು. ನೀನು, ಅತ್ತಿಗೆ, ಮಕ್ಕಳೆಲ್ಲ ಕ್ಷೇಮವೆಂದು ನಂಬಿದ್ದೇನೆ. ಅಮ್ಮನ ಮಂಡಿನೋವು ಹೇಗಿದೆ? ಮೂರು ವಾರದಿಂದ ನಿನ್ನ ಫೋನು ಎತ್ತಿಲ್ಲ, ತಪ್ಪಾಯಿತು. ಊರಿನ ಮನೆಯಲ್ಲಿ ಫೋನು ಯಾವಾಗಲೂ ಜೋರು ದನಿಯಲ್ಲೇ ಇರುತ್ತದೆ; ಒಬ್ಬರಿಗೆ ಹೇಳಿದ್ದು ಹದಿನಾಲ್ಕು ಜನರ ಕಿವಿಗೆ ಬೀಳುತ್ತದೆ. ಅವರಲ್ಲಿ ಅಮ್ಮನೂ ಒಬ್ಬಳು. ಅದಕ್ಕೇ ಕಾಗದ. ನೀನೊಬ್ಬನೇ ಓದು.

ಡೆರಿಕ್ ಹ್ಯಾಲೊರನ್ ಕೆಲಸ ಕಳೆದುಕೊಂಡ ಸುದ್ದಿ ಸವಾಯಿ ದ್ವೀಪದ ನಮ್ಮೂರಿಗೂ ಮುಟ್ಟಿರಬೇಕು. ಹತ್ತೊಂಬತ್ತು ವರ್ಷ ಇಡೀ ದೇಶ ಟಿವಿಯಲ್ಲಿ ಅವನ ಮುಖ ನೋಡಿಕೊಂಡು ಬೆಳಗಿನ ಚಹಾ ಕುಡಿಯಿತು. ಹತ್ತೊಂಬತ್ತು ವರ್ಷ ಆ ಮುಖಕ್ಕೆ ಬಣ್ಣ ಹಚ್ಚಿದವಳು ನಾನು. ಯಾವ ಗೆರೆ ಎಲ್ಲಿದೆ ಎಂಬುದು ಅವನ ಹೆಂಡತಿಗಿಂತ ನನಗೆ ಚೆನ್ನಾಗಿ ಗೊತ್ತು. ಒಳಗೆ ಏನಿತ್ತೆಂದು ಗೊತ್ತಿರಲಿಲ್ಲ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೇನೆ.

ನಾಲ್ಕು ವರ್ಷದ ಹಿಂದೆ ಅವನು ಕ್ಯಾಮೆರಾ ಸಮೇತ ನಮ್ಮೂರಿಗೆ ಬಂದಾಗ ನೀನು ನನ್ನನ್ನು ಹಿತ್ತಲಿಗೆ ಕರೆದೆ. "ತಿನೊ, ಈ ಮನುಷ್ಯ ನಮ್ಮ ಜೊತೆ ಕೂತು ಒಂದು ಊಟ ಪೂರ್ತಿ ಮಾಡಿಲ್ಲ. ಮನೆತನದ ಪದವಿ ಕೊಡೋಕೆ ಏನವಸರ?" ಎಂದೆ. "ನನ್ನ ಮಾತಿಗೆ ಬೆಲೆ ಇಲ್ವಾ ಅಣ್ಣ?" ಎಂದು ಹಟ ಹಿಡಿದವಳು ನಾನು. ತಂಗಿ ಬಾಯಿಬಿಟ್ಟು ಕೇಳಿದರೆ ನಮ್ಮಲ್ಲಿ ಅಣ್ಣ ಇಲ್ಲವೆನ್ನುವುದಿಲ್ಲ. ಮುತ್ತಜ್ಜನಿಂದ ಬಂದ ಮುಖಂಡನ ಪದವಿಯನ್ನು ನೀನು ಅವನಿಗೆ ಕೊಟ್ಟೆ. ಅಮ್ಮ ಮೂರು ವರ್ಷ ಕೂತು ನೇಯ್ದ ನುಣುಪು ಚಾಪೆಯನ್ನು ಅವನ ಮಡಿಲಿಗೆ ಹಾಕಿ, ಅತ್ತುಕೊಂಡು ಅವನ ಕೈಗೆ ಮುತ್ತಿಟ್ಟಳು.

ಅಲ್ಲಿಂದ ಮರಳಿದ ವಾರವೇ, ಕಾರ್ಯಕ್ರಮಕ್ಕೆ ಮೊದಲು ಅವನು ನಿರ್ಮಾಪಕನ ಜೊತೆ ಹರಟಿದ್ದ. ಕೋಟಿಗೆ ಸಿಕ್ಕಿಸಿದ್ದ ಮೈಕು ಚಾಲೂ ಇತ್ತು. ಆ ಮಾತಿನ ರೆಕಾರ್ಡಿಂಗನ್ನು ಯಾರು ಉಳಿಸಿಕೊಂಡಿದ್ದರೋ, ಹೋದ ತಿಂಗಳು ಪತ್ರಿಕೆಯವರಿಗೆ ಕೊಟ್ಟರು. ಬೇರೆಯವರ ಬಾಯಲ್ಲಿ ಕೇಳುವ ಬದಲು ನನ್ನಿಂದಲೇ ಓದು: "ತೆಂಗಿನಬುರುಡೆ ಜನ. ಕ್ಯಾಮೆರಾ ತಗೊಂಡು ಹೋದ್ರೆ ನಾಯಿಗೂ ಪದವಿ ಕೊಡ್ತಾರೆ. ಅವರ ಚಾಪೆ ನಮ್ಮ ನಾಯಿಗೆ ಒಳ್ಳೇ ಹಾಸಿಗೆ ಆಯ್ತು. ಆ ದಪ್ಪ ಮುದುಕಿ ಕೈಗೆ ಮುತ್ತು ಬೇರೆ ಕೊಟ್ಲು! ಹೋಟೆಲಿಗೆ ಹೋಗಿ ಮೂರು ಸಲ ಸೋಪು ಹಾಕಿ ತೊಳ್ಕೊಂಡೆ."

ನಮ್ಮ ಅಮ್ಮ, ಅಣ್ಣ.

ಒಂದೇ ಮಧ್ಯಾಹ್ನದಲ್ಲಿ ಅವನ ಕೆಲಸ ಹೋಯಿತು. ಬಸ್ಸುಗಳ ಮೇಲಿದ್ದ ಅವನ ನಗುಮುಖವನ್ನು ಕೆರೆದು ತೆಗೆದರು. ಚರ್ಚಿನಲ್ಲಿ ನನ್ನ ಗೆಳತಿ ಸೆಪೆಲಿನಿ, "ಏನೇ ತಿನೊ, ಇನ್ಮೇಲೆ ಅವನ ಮುಖಕ್ಕೆ ಪೌಡರ್ ಸಾಲಲ್ಲ, ಸುಣ್ಣ ಹೊಡಿ" ಎಂದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಅವನು ಟಿವಿಯಲ್ಲಿ ಕ್ಷಮೆ ಕೇಳಿದ್ದನ್ನು ನೋಡಿದೆ. ಅವತ್ತು ಬಣ್ಣ ಬೇಡವೆಂದಿದ್ದನಂತೆ. ಕಣ್ಣಿನ ಕೆಳಗಿನ ಕಪ್ಪು ಕಾಣಲಿ, ಜನ ಅಯ್ಯೋ ಅನ್ನಲಿ ಅಂತ. ಈ ಕಸುಬು ನನಗೆ ಗೊತ್ತು. ಬಣ್ಣ ಹಚ್ಚದಿರುವುದೂ ಒಂದು ವೇಷವೇ. ವೀಕ್ಷಕರಲ್ಲಿ ಕ್ಷಮೆ ಕೇಳಿದ, ಜಾಹೀರಾತು ಕೊಡುವವರಲ್ಲಿ ಕೇಳಿದ, ಹೆಂಡತಿ ಮಕ್ಕಳಲ್ಲಿ ಕೇಳಿದ. ನಮ್ಮೂರಿನ ಹೆಸರು ಅವನ ಬಾಯಿಗೆ ಬರಲಿಲ್ಲ. "ಹಾಗೆ ಮಾತಾಡಿದವನು ನಿಜವಾದ ನಾನಲ್ಲ" ಎಂದ. ಮತ್ತೆ ಯಾರು, ಅವನ ನಾಯಿಯೇ? ಆ ಮಾತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕ ನಿರ್ಮಾಪಕ ಇವತ್ತಿಗೂ ಅದೇ ಕುರ್ಚಿಯಲ್ಲಿದ್ದಾನೆ. ನಕ್ಕವರನ್ನು ಯಾರೂ ಕೆಲಸದಿಂದ ತೆಗೆಯುವುದಿಲ್ಲ. ನಾನೇ ಕೆಲಸ ಬಿಟ್ಟೆ.

ಗುರುವಾರ ಮಧ್ಯಾಹ್ನ ಡೆರಿಕ್ ನಮ್ಮ ಮನೆಗೆ ಬಂದ. ಇಷ್ಟು ವರ್ಷದಲ್ಲಿ ಅದೇ ಮೊದಲ ಸಲ.

"ತಿನೊ, ನೀನು ನನಗೆ ಅಕ್ಕ ಇದ್ದ ಹಾಗೆ. ನಿಮ್ಮಲ್ಲಿ ಒಂದು ಪದ್ಧತಿ ಇದೆಯಂತಲ್ಲ, ತಪ್ಪು ಮಾಡಿದೋರು ಚಾಪೆ ಹೊದ್ಕೊಂಡು ಮನೆ ಮುಂದೆ ಮಂಡಿಯೂರಿ ಕೂರೋದು, ಅದನ್ನ ಮಾಡ್ತೀನಿ. ನಿಮ್ಮೂರಿಗೇ ಹೋಗೋಣ. ನೀನು ಪಕ್ಕದಲ್ಲಿ ನಿಂತಿದ್ರೆ ಸಾಕು."

"ಯಾರ್ಯಾರು ಬರ್ತಾರೆ?"

"ಕ್ಯಾಮೆರಾದೋರು ಇಬ್ಬರೇ. ಅಂದ ಹಾಗೆ, ಅದನ್ನ ಬೆಳಕು ಹರಿಯೋ ಮುಂಚೆನೇ ಮಾಡ್ಬೇಕಾ? ಒಂಬತ್ತು ಗಂಟೆಗಾದ್ರೆ ಬಿಸಿಲು ಚೆನ್ನಾಗಿ ಬೀಳುತ್ತೆ."

ಮೈಯೆಲ್ಲ ಉರಿದುಹೋಯಿತು, ಅಣ್ಣ. ಚಿಕ್ಕಪ್ಪನ ಲಾರಿಗೆ ಆ ಮಗು ಸಿಕ್ಕಿ ಸತ್ತಾಗ ಅವನು ಹೇಗೆ ಕೂತಿದ್ದ, ನೆನಪಿದೆಯೇ? ನಸುಕಿನಿಂದ ನಡುಮಧ್ಯಾಹ್ನದ ತನಕ, ಮಳೆಯಲ್ಲಿ, ಚಾಪೆಯೊಳಗೆ. ಆ ಮಗುವಿನ ಮನೆಯವರು ಬಂದು ಎಬ್ಬಿಸುತ್ತಾರೋ ಮಚ್ಚು ಬೀಸುತ್ತಾರೋ ಗೊತ್ತಿರಲಿಲ್ಲ. ನಾವಿಬ್ಬರೂ ಹಲಸಿನ ಮರದ ಹಿಂದೆ ನಿಂತು ನೋಡಿದ್ದೆವು. ಇವನು ಬಿಸಿಲಿನ ಲೆಕ್ಕ ಹಾಕುತ್ತಿದ್ದ!

ಆಮೇಲೆ ಒಂದು ಪ್ಲಾಸ್ಟಿಕ್ ಚೀಲದಿಂದ ಅಮ್ಮನ ಚಾಪೆಯನ್ನು ತೆಗೆದ. ಅದನ್ನೇ ಹೊದ್ದುಕೊಳ್ಳುವುದು ಅವನ ಯೋಚನೆ. ಅಂಚಿನ ಕೆಂಪು ಹಕ್ಕಿಗರಿಗಳು ಉದುರಿಹೋಗಿದ್ದವು. ನೇಯ್ಗೆಯ ತುಂಬ ಬಿಳಿ ಕೂದಲು, ನಾಯಿಯದು. ನಾನು ಅವನ ಕೈಯಿಂದ ಚಾಪೆಯನ್ನು ಕಿತ್ತುಕೊಂಡೆ.

"ಅದು ನಂಗೆ ಕೊಟ್ಟಿದ್ದಲ್ವಾ?" ಎಂದ.

"ಮನುಷ್ಯ ಅಂದ್ಕೊಂಡು ಕೊಟ್ಟಿದ್ವಿ. ಹೊರಡಿ."

ಬಾಗಿಲು ಹಾಕಿಕೊಂಡೆ. "ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವಾದ್ರೂ ನಿನಗೆ ಕೆಟ್ಟದಾಗಿ ಮಾತಾಡಿದ್ದೀನಾ?" ಎಂದು ಹೊರಗೆ ನಿಂತು ಕೂಗಿದ. ಇಲ್ಲ, ಆಡಿಲ್ಲ. ಕಾರು ಹೋಗುವ ತನಕ ನೆಲದ ಮೇಲೆ ಕೂತು ಒಂದೊಂದೇ ಕೂದಲು ಆರಿಸಿದೆ.

ಮನೆತನದವರನ್ನು ಸೇರಿಸು, ಅಣ್ಣ. ಆ ಪದವಿಯನ್ನು ವಾಪಸು ತೆಗೆದುಕೊಳ್ಳಿ. ತಪ್ಪು ತಿನೊಳದು ಅಂತ ಎಲ್ಲರ ಮುಂದೆ ಹೇಳು, ನನಗೆ ಬೇಜಾರಿಲ್ಲ. ಅಮ್ಮನ ಮಂಚದ ಪಕ್ಕ ಅವನ ಫೋಟೊ ಇದೆಯಲ್ಲ, ಅದನ್ನು ಏನಾದರೂ ನೆಪ ಹೇಳಿ ತೆಗೆದುಬಿಡು. ಚಾಪೆಯನ್ನು ನಾನೇ ತರುತ್ತೇನೆ.

ಮಕ್ಕಳಿಗೆ ಅತ್ತೆಯ ಮುತ್ತುಗಳು. ದೇವರು ನಿಮ್ಮೆಲ್ಲರನ್ನೂ ತಂಪಾಗಿಟ್ಟಿರಲಿ, ಅಮ್ಮನಿಗೆ ಇನ್ನಷ್ಟು ವರ್ಷ ಕೊಡಲಿ.

ನಿನ್ನ ತಂಗಿ,
ಫುವಾತಿನೊ

ವಿ.ಸೂ.: ಲಕೋಟೆ ಅಂಟಿಸಿ ಮತ್ತೆ ಒಡೆದೆ. ಪತ್ರಿಕೆಯವರು ಮೊದಲು ಕೇಳಿಸಿದ್ದು ಅರ್ಧ ನಿಮಿಷ ಮಾತ್ರ; ನಿನ್ನೆ ಪೂರ್ತಿ ಬಿಟ್ಟಿದ್ದಾರೆ. ಮೂರು ಸಲ ಕೈ ತೊಳೆದ ಮಾತು ಮುಗಿಯುತ್ತದೆ, ನಿರ್ಮಾಪಕ ನಗುತ್ತಾನೆ. ಆಮೇಲೆ ಒಬ್ಬ ಹೆಂಗಸಿನ ದನಿ, ಬಹಳ ಮೆತ್ತಗೆ: "ಕಣ್ಣು ಮುಚ್ಕೊಳ್ಳಿ ಡೆರಿಕ್, ಪೌಡರ್ ಬೀಳುತ್ತೆ." ಅಷ್ಟೇ. ಅದು ಯಾರೆಂದು ಇಲ್ಲಿ ಯಾರೂ ಕೇಳಿಲ್ಲ. ಅದನ್ನು ಊರಿನ ಮನೆಯಲ್ಲಿ ಯಾರೂ ಹಾಕದಂತೆ ನೋಡಿಕೊ, ಅಣ್ಣ. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಆ ದನಿಯನ್ನು ಅವಳು ಗುರುತಿಸುತ್ತಾಳೆ.