ಕಮರಿ ದಾರಿಯ ಫಲಕಗಳ ಹಿಂಬದಿ

ಕಮರಿ ಉದ್ಯಾನದ ಮಾನ್ಯ ಮುಖ್ಯಾಧಿಕಾರಿಗಳೇ,

ನಿಮ್ಮ ಫಲಕದ ಬಾಣವೊಂದು ನನ್ನ ಹೆಂಡತಿಯ ಬಲಗೈಯನ್ನು ತಿಂದುಹಾಕಿದೆ. ಕುಶಲ ವಿಚಾರಿಸಿ ಪತ್ರ ಆರಂಭಿಸುವ ಸೌಜನ್ಯ ಸದ್ಯಕ್ಕೆ ನನ್ನಲ್ಲಿಲ್ಲ. ಅದರ ಅಗತ್ಯವೂ ಇಲ್ಲ. ತಿಂಗಳಿಗೊಂದು ಶನಿವಾರ ನನ್ನ ಅಂಗಡಿಯ ಕುರ್ಚಿಯಲ್ಲಿ ಕುಳಿತು, ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು, ನಿಮ್ಮ ಕುಶಲವನ್ನು ನೀವೇ ಸವಿಸ್ತಾರವಾಗಿ ಹೇಳುತ್ತೀರಿ. ಹೌದು, ನಾನು ನಿಮ್ಮ ಕ್ಷೌರಿಕ. ನಿಮ್ಮ ಕಚೇರಿಗೆ ಕೊಟ್ಟ ದೂರು ಅಲ್ಲಿಯೇ ತಣ್ಣಗಾದ್ದರಿಂದ ಊರೆಲ್ಲ ಓದುವ ಕಡೆ ಇದನ್ನು ಬರೆಯುತ್ತಿದ್ದೇನೆ.

ನಾಲ್ಕು ಕಮರಿಗಳು ಒಂದರ ಬಾಯಿ ಇನ್ನೊಂದಕ್ಕೆ ಸೇರಿ ಸುತ್ತಾಗುವ ಆ ಕಾಲುದಾರಿಯನ್ನು ನೀವು ಪೂರ್ತಿ ನಡೆದಿದ್ದೀರಾ? ಇಲ್ಲವೆಂದೇ ನನ್ನ ನಂಬಿಕೆ, ಆದ್ದರಿಂದ ಹೇಳುತ್ತೇನೆ. ಒಂದು ಕಡೆ ಕೆಂಪು ಗೋಡೆಗಳು ಎಷ್ಟು ಹತ್ತಿರ ಬರುತ್ತವೆಂದರೆ ಬೆನ್ನಿನ ಚೀಲ ಕಳಚಿ ಅಡ್ಡಡ್ಡವಾಗಿ ನಡೆಯಬೇಕು. ಅಲ್ಲಿಂದ ಹೊರಬಿದ್ದರೆ ಕಣ್ಣು ಕೋರೈಸುವ ಬಿಳಿ ಮರಳು. ಮುಂದಿನ ಕಮರಿಯಲ್ಲಿ ನೀರು ನಿಂತಿರುತ್ತದೆ, ಮರಗಳಿವೆ, ಮಧ್ಯಾಹ್ನವೂ ತಂಪು. ಕೊನೆಯದನ್ನು ಹತ್ತಿ ಬಂಡೆಯ ಮೇಲೆ ನಿಂತರೆ ನಡೆದು ಬಂದದ್ದೆಲ್ಲ ಕಾಲ ಕೆಳಗೆ ಕಾಣುತ್ತದೆ. ಅಂಗಡಿಯ ಗಂಡಸರ ಭಾಗ ನನ್ನದು, ಹೆಂಗಸರ ಭಾಗ ನನ್ನ ಹೆಂಡತಿಯದು. ಇಬ್ಬರದೂ ದಿನವಿಡೀ ನಿಂತೇ ಮಾಡುವ ಕೆಲಸ. ವರ್ಷಕ್ಕೊಮ್ಮೆ ಬಾಗಿಲು ಹಾಕಿ ಅಲ್ಲಿಗೆ ಹೋಗುತ್ತಿದ್ದೆವು. "ನಿಂತು ನಿಂತು ಕಾಲಿಗೆ ನಡೆಯೋದೇ ಮರೆತುಹೋಗಿದೆ, ಏಳ್ರೀ" ಎಂದು ಎಬ್ಬಿಸುತ್ತಿದ್ದವಳು ಅವಳೇ.

ಈಗ ಬಾಣದ ವಿಷಯಕ್ಕೆ ಬರೋಣ. ಕಾರಿನಲ್ಲಿ ಬರುವವರು ದೊಡ್ಡ ದ್ವಾರದಿಂದ ಹೊರಟು ಒಂದು ದಿಕ್ಕಿನಲ್ಲಿ ಸುತ್ತು ಹಾಕುತ್ತಾರೆ. ಬಸ್ಸಿನಲ್ಲಿ ಬರುವ ನಮ್ಮಂಥವರು ಹಿಂದಿನ ಗೇಟಿನಿಂದ ಹೊಕ್ಕು ಅದಕ್ಕೆ ಎದುರು ದಿಕ್ಕಿನಲ್ಲಿ ನಡೆಯುತ್ತೇವೆ. ಕವಲಿರುವ ಕಡೆಯೆಲ್ಲ ನಡೆಯುವವರು ಕಲ್ಲಿನ ಮೇಲೆ ಕಲ್ಲಿಟ್ಟು ಸರಿದಾರಿಯ ಗುರುತು ಮಾಡಿದ್ದರು. ಹೋದವರೆಲ್ಲ ಒಂದೊಂದು ಕಲ್ಲು ಸೇರಿಸುತ್ತಿದ್ದರು. ಅದು ನಿಮಗೆ ಕಸದ ರಾಶಿಯಂತೆ ಕಂಡಿತು. ಒದ್ದು ಉರುಳಿಸಿ, ಚಂದದ ಮರದ ಫಲಕ ನೆಡಿಸಿದಿರಿ. ಅವನ್ನು ನೆಟ್ಟ ವಾರವೇ ನನ್ನ ಕುರ್ಚಿಯಲ್ಲಿ ಕೂತು ಹೇಳಿದಿರಿ: "ಎರಡೂ ಬದಿಗೂ ಒಂದೇ ಥರ ಬರೆಸಿದೀನಿ ಕಣಯ್ಯ. ಪೇಂಟರ್ ಏನೋ ತಕರಾರು ತೆಗೆದ. ಆರ್ಡರ್ ಹೇಗಿದೆಯೋ ಹಾಗೆ ಮಾಡು ಅಂದೆ. ಎಲ್ಲಾ ಏಕರೂಪವಾಗಿರ್ಬೇಕು."

ಏಕರೂಪವಾಗಿಯೇ ಇತ್ತು ಸ್ವಾಮಿ. ಮುಂದಿನಿಂದ ನೋಡಿದರೂ ಬಾಣ ಬಲಕ್ಕೆ, ಹಿಂದಿನಿಂದ ನೋಡಿದರೂ ಬಾಣ ಬಲಕ್ಕೆ. ಹೋಗುವಾಗ ಬಲಕ್ಕೆ ತಿರುಗಿದ ಜಾಗದಲ್ಲಿ ಬರುವಾಗ ಎಡಕ್ಕೆ ತಿರುಗಬೇಕೆಂಬುದು ಸ್ವಂತ ಕಾಲಿನಲ್ಲಿ ಮನೆಗೆ ಮರಳಿದ ಯಾರಿಗಾದರೂ ಗೊತ್ತು. ನಿಮ್ಮನ್ನು ಡ್ರೈವರು ಮನೆಗೆ ತಲುಪಿಸುತ್ತಾನೆ, ಆ ಮಾತು ಬೇರೆ.

ಆಮೇಲೆ ನಾವು ಹೋದಾಗ ಮಳೆಗಾಲದ ನೀರು ಮರಳನ್ನೆಲ್ಲ ಅದಲುಬದಲು ಮಾಡಿ ಕಮರಿಗಳ ಚಹರೆಯೇ ಬದಲಾಗಿತ್ತು. ಕವಲಿನಲ್ಲಿ ನಾನು ಕಲ್ಲುಗುಡ್ಡೆ ಹುಡುಕುತ್ತಾ ನಿಂತೆ. "ಅಷ್ಟು ದೊಡ್ಡದಾಗಿ ಬೋರ್ಡ್ ಹಾಕಿದಾರೆ, ಇನ್ನೂ ಕಲ್ಲು ಹುಡುಕ್ತೀರಲ್ಲ. ಓದಿದವರು ಹಾಕಿರೋದು, ಬನ್ನಿ" ಎಂದಳು. ನಿಮ್ಮನ್ನು ನಂಬಿದ್ದಳು, ನೋಡಿ. ಬಲಕ್ಕೆ ಹೋದೆವು. ನುಣುಪು ಬಂಡೆಯೊಂದರ ಮೇಲೆ ಕೂತು ಜಾರಿ ಇಳಿದೆವು. ಸುತ್ತಿನಲ್ಲಿ ಅಂಥ ಬಂಡೆಗಳು ಬೇರೆಯೂ ಇರುವುದರಿಂದ ಅನುಮಾನ ಬರಲಿಲ್ಲ. ಸ್ವಲ್ಪ ಮುಂದೆ ಮೂರು ಕಡೆಯೂ ಗೋಡೆ. ದಾರಿಯೇ ಇಲ್ಲ. ಹಿಂದಿರುಗಿ ಬಂದರೆ, ಇಳಿಯುವಾಗ ಸುಲಭವಾಗಿದ್ದ ಬಂಡೆ ಹತ್ತಲು ಬಿಡಲೊಲ್ಲದು. ನನ್ನ ಭುಜದ ಮೇಲೆ ಕಾಲಿಟ್ಟು ಹತ್ತುತ್ತಿದ್ದವಳು ಜಾರಿದಳು, ಬಲಗೈ ಊರಿ ಬಿದ್ದಳು. ಮೂಳೆ ಮುರಿದ ಆ ಸದ್ದು ನನಗೆ ಈಗಲೂ ಕೇಳುತ್ತದೆ. ನಮ್ಮ ಕೂಗು ಕೇಳಿ ಯಾರೋ ಹಗ್ಗ ತಂದರು. ಅವರೂ ಬಸ್ಸಿನಲ್ಲಿ ಬಂದವರೇ, ಅದೇ ಬಾಣ ನಂಬಿ ದಾರಿ ತಪ್ಪಿದವರೇ.

ಮೂಳೆ ಕೂಡಿತು, ಬೆರಳು ಮಾತ್ರ ಮಡಚುವುದಿಲ್ಲ. ಕತ್ತರಿಯ ಹಿಡಿಯೊಳಗೆ ಹೆಬ್ಬೆರಳು ತೂರಿಸಿ ಒತ್ತುತ್ತಾಳೆ, ಕತ್ತರಿ ಬಾಯಿ ಮುಚ್ಚದು. ಅವಳ ಕುರ್ಚಿಯ ಮೇಲೆ ಈಗ ಒಗೆದ ಟವೆಲ್ಲುಗಳನ್ನು ಪೇರಿಸಿಡುತ್ತೇವೆ. "ಅದು ಖಾಲಿ ಕಾಣ್ಬಾರ್ದು ಕಣ್ರೀ" ಎಂದು ಎಡಗೈಯಲ್ಲಿ ಅವನ್ನು ಮಡಿಸುವವಳೂ ಅವಳೇ. ಇದನ್ನು ಮೆದುವಾಗಿ ಹೇಳುವ ಬಗೆ ನನಗೆ ತಿಳಿಯದು.

ನಿಮ್ಮ ಕಚೇರಿಗೆ ಹೋದೆ. ಗುಮಾಸ್ತರು ಗೋಡೆಯ ಕಡೆ ಕೈ ತೋರಿಸಿದರು. ಅಲ್ಲಿ ಫಲಕದ ಪಕ್ಕದಲ್ಲಿ ನಗುತ್ತಾ ನಿಂತ ನಿಮ್ಮ ಫೋಟೋ. "ಸರಿಯಾಗೇ ಇದೆಯಲ್ರೀ ಬಾಣ, ಸಾಹೇಬ್ರೇ ನಿಂತಿದಾರೆ" ಎಂದರು. ಮುಂಬದಿಯ ಫೋಟೋ! ಆಮೇಲೆ ನಿಮ್ಮ ಸಹಿಯ ಉತ್ತರ ಬಂತು: "ಪರಿಶೀಲಿಸಲಾಗಿ ಫಲಕಗಳು ಸಮರ್ಪಕವಾಗಿರುತ್ತವೆ. ಸಾರ್ವಜನಿಕರು ಎಚ್ಚರಿಕೆಯಿಂದ ನಡೆಯತಕ್ಕದ್ದು." ಪರಿಶೀಲಿಸಿದ್ದು ಯಾರು? ಯಾವ ಬದಿಯಿಂದ? ನಿಮ್ಮ ಫಲಕ ನಂಬಿದ್ದೇ ಅವಳ ಅಜಾಗರೂಕತೆಯೆಂದು ನಿಮ್ಮ ಅಭಿಪ್ರಾಯವಾದರೆ ಅದನ್ನೂ ಫಲಕದ ಮೇಲೆಯೇ ಬರೆಸಬಾರದೇ?

ನಿಮ್ಮದೊಂದು ಅಭ್ಯಾಸ ನನಗೆ ಚೆನ್ನಾಗಿ ಗೊತ್ತು. ಕೆಲಸ ಮುಗಿದ ಮೇಲೆ ನಾನು ಕೈಗನ್ನಡಿ ಹಿಡಿದು ತಲೆಯ ಹಿಂಬದಿ ತೋರಿಸುತ್ತೇನೆ. ಎಲ್ಲರೂ ನೋಡುತ್ತಾರೆ. ನೀವೊಬ್ಬರೇ ಎದುರಿನ ಕನ್ನಡಿಯಲ್ಲಿ ಮೀಸೆ ನೋಡಿಕೊಳ್ಳುತ್ತಾ "ಸರಿ ಇದೆ, ಸರಿ ಇದೆ" ಎಂದು ಕೈಯಾಡಿಸಿ ಏಳುತ್ತೀರಿ.

ಮೊನ್ನೆ ಶನಿವಾರವೂ ಬಂದಿರಿ. ಅವಳು ಪಕ್ಕದಲ್ಲೇ ಟವೆಲ್ ಮಡಿಸುತ್ತಿದ್ದಳು. ಕೈ ಹೇಗಿದೆಯೆಂದು ನೀವು ಕೇಳಲಿಲ್ಲ. ನಾನು ಎಂದಿನಂತೆ ಕನ್ನಡಿ ಹಿಡಿದೆ. ನೀವು ಎಂದಿನಂತೆ "ಸರಿ ಇದೆ" ಎಂದಿರಿ.

ನನ್ನ ಬೇಡಿಕೆ ಇಷ್ಟೇ. ಹಿಂದಿನ ಗೇಟಿನಿಂದ ಹೊಕ್ಕು, ಜೀಪು ಬಿಟ್ಟು, ನಿಮ್ಮದೇ ಬಾಣಗಳನ್ನು ನಂಬಿ ಆ ಸುತ್ತು ನಡೆಯಿರಿ. ಜಾರುವ ಬಂಡೆಯ ಕೆಳಗೆ ನಿಂತು ಒಮ್ಮೆ ಕೂಗಿ ನೋಡಿ. ಮೇಲೆ ಬಂದ ಮೇಲೆ ಪ್ರತಿ ಫಲಕದ ಹಿಂಬದಿಯನ್ನೂ ತಿದ್ದಿಸಿ, ನನ್ನ ಅಂಗಡಿಗೆ ಬಂದು ಅವಳೆದುರು ನಿಂತು ತಪ್ಪಾಯಿತೆನ್ನಿ. ಅದಕ್ಕೊಂದು ಗಡುವೂ ಇದೆ. ಕೂದಲು ಬೆಳೆಯುವುದರೊಳಗೆ ಆಗಬೇಕು.

ಯಾವ ಕೂದಲು ಎಂದಿರಾ? ಎರಡು ಕನ್ನಡಿ ತರಿಸಿಕೊಳ್ಳಿ. ನಿಮ್ಮ ಕಾಲರಿನ ಮೇಲೆ, ತಲೆಯ ಹಿಂಬದಿಯಲ್ಲಿ, ನುಣ್ಣಗೆ ಕ್ಷೌರ ಮಾಡಿದ ಬಾಣವೊಂದಿದೆ. ನಿನ್ನೆ ಊರಿನ ಸಭೆಯಲ್ಲಿ ನಿಮ್ಮ ಹಿಂದೆ ಕುಳಿತವರೆಲ್ಲ ನೋಡಿದ್ದಾರೆ, ಬಾಯಿಬಿಡುವ ಧೈರ್ಯ ಯಾರಿಗೂ ಬಂದಿಲ್ಲ. ಬಾಣ ಬಲಕ್ಕೇ ಇದೆ, ನಿಮ್ಮ ಆದೇಶದಂತೆ. ಆ ಕೂದಲು ಮತ್ತೆ ಬೆಳೆಯುತ್ತದೆ. ಅವಳ ಬೆರಳುಗಳು ಮಾತ್ರ ಮತ್ತೆಂದೂ ಮಡಚುವುದಿಲ್ಲ.

ಇಂತಿ,
ಒಳ್ಳೆಯ ಗಿರಾಕಿಯೊಬ್ಬರನ್ನು ತಾನಾಗಿಯೇ ಕಳೆದುಕೊಂಡ,
ಒಂದೇ ಕುರ್ಚಿ ಓಡುತ್ತಿರುವ ಅಂಗಡಿಯ ಕ್ಷೌರಿಕ