ಕ್ಲೋಡೀನಳ ಥರ್ಮಾಮೀಟರ್

೮ ಏಪ್ರಿಲ್ ೨೦೨೫, ಮಂಗಳವಾರ

ಆರು ಸಲ ಬಾಯಿ ಮುಕ್ಕಳಿಸಿದರೂ ಹೇಸಿಗೆ ಹೋಗಿಲ್ಲ. ಬ್ರಹ್ಮಗಿರಿಯ ಶಾಸನ ನೋಡಲು ಬಂದು ನಮ್ಮ ಮನೆಯಲ್ಲಿ ಉಳಿದಿರುವ ಫ್ರೆಂಚ್ ಹೆಂಗಸು ಕ್ಲೋಡೀನ್, ನನಗೆ ಜ್ವರವೆಂದು ತಿಳಿದು ತನ್ನ ಥರ್ಮಾಮೀಟರ್ ಕೊಟ್ಟಳು. ನಾಲಿಗೆಯಡಿ ಇಟ್ಟುಕೊಂಡೆ. ಆಕೆ ಕಿಟಾರನೆ ಕಿರುಚಿದಳು. ಅವರ ಮನೆಯಲ್ಲಿ ಅದನ್ನು ಇಡುವುದು ಹಿಂಬದಿಗಂತೆ! ಅದೂ ಅವಳ ತಾಯಿಯ ಕಾಲದ್ದು.

ಹೊಟ್ಟೆ ಕೆಟ್ಟರೂ ತಲೆನೋವು ಬಂದರೂ ಆಕೆ ಲಿವರನ್ನೇ ಬೈಯುತ್ತಾಳೆ. ಕುತ್ತಿಗೆಗೆ ಗಾಳಿ ತಾಗೀತೆಂದು ಚಳ್ಳಕೆರೆಯ ಈ ಸೆಕೆಯಲ್ಲೂ ಫ್ಯಾನ್ ಆರಿಸುತ್ತಾಳೆ. ಅದನ್ನೆಲ್ಲ ಸಹಿಸಿದ್ದೆ. ರಾಜನ ತಲೆಯನ್ನೇ ಕಡಿದ ದೇಶದವರಿಗೆ ಜ್ವರ ನೋಡಲು ಇನ್ನೊಂದು ಜಾಗ ಸಿಗಲಿಲ್ಲವೆ?

"ರೀ, ಬಾಯಾಗಿಟ್ರೆ ಸರಿಯಾಗಿ ತೋರ್ಸಲ್ವಂತೆ. ಇನ್ನೊಂದ್ಸಲ ನೋಡ್ಬೇಕಂತೆ!" ಹೆಂಡತಿ ಗಂಗಾಂಬಿಕಾ ನಗುತ್ತ ಬಾಗಿಲು ಬಡಿಯುತ್ತಿದ್ದಾಳೆ.

ಜ್ವರ ಪೂರ್ತಿ ಬಿಟ್ಟಿದೆ ಎಂದು ಒಳಗಿನಿಂದಲೇ ಕೂಗಿದೆ. ಮೈ ಕೆಂಡದಂತೆ ಸುಡುತ್ತಿದೆ, ಆದರೂ ಬಾಗಿಲ ಅಗಳಿ ಮಾತ್ರ ತೆಗೆಯುವುದಿಲ್ಲ.