ಫಿಲಿಪ್ಪನ ಪಾಲಿನ ತೆನೆ

ನನ್ನ ಪ್ರೀತಿಯ ಅವ್ವಾ,

ಪ್ರೀತಿಯ ಎಂದು ಬರೆದೆನಾದರೂ ನಿನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಮೊನ್ನೆ ತೆನೆ ಹಬ್ಬ ಆಯಿತು, ನೀನು ಹೋದ ಮೇಲೆ ಮೊದಲನೆಯದು. ಇಗರ್ಜಿಯಲ್ಲಿ ಪಾದ್ರಿಗಳು ಆಶೀರ್ವದಿಸಿ ಕೊಟ್ಟ ಹೊಸ ಭತ್ತದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು, ಕಾಯಿಹಾಲು ಬೆಲ್ಲದಲ್ಲಿ ಕಲಸಿ ಎಲ್ಲರ ಕೈಗೂ ಹಾಕುವ ಹಿರಿಯಳು ಈಗ ನಾನು. ಅದರ ಸುದ್ದಿ ಹೇಳಬೇಕು. ಆದರೆ ಮೊದಲು ಜಗಳ, ಆಮೇಲೆ ಸುದ್ದಿ.

ತಮ್ಮ ಅಂತೋನನನ್ನು ದಾಂಡೇಲಿಯಿಂದ ತಂದು ಅಂಗಳದಲ್ಲಿ ಮಲಗಿಸಿದ ದಿನ... ಬೇಡ ಬಿಡು, ಅದನ್ನು ನಿನಗೆ ನಾನು ನೆನಪಿಸಬೇಕೇ? ಕಟ್ಟಿಗೆ ಡಿಪೋದಲ್ಲಿ ಲಾರಿಯ ಮೇಲಿನ ದಿಮ್ಮಿಗಳು ಅವನ ಮೇಲೆ ಉರುಳಿದವು, ದೇವರ ಇಚ್ಛೆ ಎಂದರು ಎಲ್ಲರೂ. ಮಣ್ಣಾದ ಎಂಟನೇ ದಿನ ಫಿಲಿಪ್ಪ ಬಂದ. ಅಂತೋನನ ಜೊತೆಗೇ ಹಮಾಲಿ ಮಾಡುತ್ತಿದ್ದವನು, ನಿನ್ನನ್ನು ಮಾವಶಿ ಎನ್ನುತ್ತ ನಮ್ಮ ಮನೆಯಲ್ಲೇ ಉಂಡು ಬೆಳೆದವನು. ಅವತ್ತು ಮೆಟ್ಟಿಲು ಹತ್ತದೆ ಕೆಳಗೇ ನಿಂತ. "ದೇವರ ಇಚ್ಛೆ ಅಲ್ಲರೀ ಮಾವಶಿ. ಎರಡನೇ ಸರಪಳಿ ನಾ ಬಿಗೀಬೇಕಿತ್ತು. ಟಿವ್ಯಾಗ ಮ್ಯಾಚ್ ನೋಡೂ ಗಡಿಬಿಡ್ಯಾಗ ಹಂಗ ಬಿಟ್ಟು ಹೋದೆ" ಅಂದ. ನಾನು ಕಸಬರಿಗೆ ಎತ್ತಿಕೊಂಡಿದ್ದೆ. ನೀನು ನನ್ನ ಕೈ ಹಿಡಿದು ಅವನಿಗೆ ಹೇಳಿದೆ: "ಇದನ್ನ ಡಿಪೋದಾಗ ಎಲ್ಲಾರ ಮುಂದ ಹೇಳು. ಹೇಳಿ ಬಾ."

ಅವನು ಹೇಳಿದ. ಅವತ್ತೇ ಅವನನ್ನು ಕೆಲಸದಿಂದ ತೆಗೆದರು. ಸಂಜೆ ಬಾಗಿಲಿಗೆ ಬಂದಾಗ ನೀನು ಏನು ಮಾಡಿದೆ? ಕೈಕಾಲು ತೊಳೆಯಲು ನೀರು ಕೊಟ್ಟೆ. ಒಳಗೆ ಕೂಡ್ರಿಸಿ ಊಟಕ್ಕೆ ಬಡಿಸಿದೆ. ಅಂತೋನನ ತಾಟಿನಲ್ಲಿ, ಅವ್ವಾ! ನನ್ನ ಮಕ್ಕಳು ಮುಟ್ಟಿದರೂ ಕಸಿದುಕೊಂಡು ಎತ್ತಿಡುತ್ತಿದ್ದೆಯಲ್ಲ, ಅದೇ ತಾಟು.

ಆ ವರ್ಷದ ತೆನೆ ಹಬ್ಬವೂ ಕಣ್ಣಿಗೆ ಕಟ್ಟಿದಂತಿದೆ. ನೀನು ಅಂತೋನನ ಪಾಲನ್ನು ತೆಗೆದು ಫಿಲಿಪ್ಪನ ಅಂಗೈಗೆ ಹಾಕಿದೆ. ಅದೂ ಎಲ್ಲರಿಗಿಂತ ಮೊದಲು. ನಾನು ನಿನ್ನ ಹಿರಿಮಗಳು, ನಿನ್ನ ಕಾಲೊತ್ತಿದವಳು, ನಿನ್ನನ್ನು ಬಿಟ್ಟಿರಲಾರದೆ ಗಂಡನನ್ನೇ ಈ ಮನೆಗೆ ಕರೆತಂದವಳು. ನಾನೇನೂ ತಪ್ಪು ಮಾಡಿರಲಿಲ್ಲ, ಅದಕ್ಕೇ ನನಗೆ ಎರಡನೇ ಪಾಲೇ? ನಿನ್ನ ಪ್ರೀತಿ ಸಿಗಬೇಕಾದರೆ ಯಾರನ್ನಾದರೂ ಕೊಲ್ಲಬೇಕಿತ್ತೇ? ಹೀಗೆಲ್ಲ ಯೋಚಿಸುತ್ತಿದ್ದೆ. ದುಃಖ ಎಂದು ಹೆಸರಿಟ್ಟುಕೊಂಡಿದ್ದೆ, ಆದರೆ ಅದು ಹೊಟ್ಟೆಕಿಚ್ಚು. ಅವನು ನಕ್ಕರೆ ಉರಿಯುತ್ತಿತ್ತು. ನೀನು ನಕ್ಕರೆ ಇನ್ನೂ ಹೆಚ್ಚು.

ಒಂದು ಸಲ ನೀನು ಅಕ್ಕಿ ಕೇರುತ್ತ ಕೂತಿದ್ದಾಗ ಕೇಳಿಯೇಬಿಟ್ಟೆ. "ದೇವರು ನ್ಯಾಯವಂತ ಅಂತ ದಿನಾ ಜಪಸರ ಹಿಡೀತಿ. ತಪ್ಪು ಮಾಡಿದಾವಗ ಶಿಕ್ಷಾನ ಇಲ್ಲಂದ್ರ ಅದ್ಯಾವ ನ್ಯಾಯ?" ನೀನು ಮೊರ ಕೆಳಗಿಟ್ಟು ಗೋಡೆಯ ಶಿಲುಬೆ ತೋರಿಸಿದೆ. "ಶಿಕ್ಷಾ ಇಲ್ಲಂತ ಯಾರು ಹೇಳ್ಯಾರ? ಅಲ್ಲಿ ನೋಡು. ದೇವರು ಶಿಕ್ಷಾ ಅಳಿಸಿ ಹಾಕಿಲ್ಲ, ಲೂಸಿ. ತಾನ ತಗೊಂಡಾನ. ಕ್ಷಮಾ ಮಾಡೂದಂದ್ರ ಯಾರರ ಒಬ್ಬರು ಆ ಭಾರ ಹೊರಬೇಕವಾ." ನಾನು ಮುಖ ತಿರುಗಿಸಿದೆ. ಶಿಲುಬೆಯದು ದೊಡ್ಡ ಮಾತು, ನಮ್ಮ ಮನೆಯ ತಾಟಿಗೂ ಅದಕ್ಕೂ ಏನು ಸಂಬಂಧ ಅನ್ನಿಸಿತ್ತು.

ಫಿಲಿಪ್ಪ ಕೆಲಸ ಹುಡುಕಿಕೊಂಡು ಗೋವಾಕ್ಕೆ ಹೋದ ವರ್ಷ ನೀನು ಅವನ ಪಾಲಿನ ಏಳು ಕಾಳನ್ನು ಲಕೋಟೆಯಲ್ಲಿಟ್ಟು, ಅನ್ನದ ಅಗುಳಿನಿಂದ ಅಂಟಿಸಿ, ಹಳಿಯಾಳದ ಅಂಚೆಗೆ ಹಾಕಲು ನನ್ನ ಕೈಗೆ ಕೊಟ್ಟೆ. ದೂರ ಇರುವವರಿಗೆ ತೆನೆ ಕಳಿಸುವುದು ನಮ್ಮಲ್ಲಿ ಸಣ್ಣ ಮಾತಲ್ಲ. ತೆನೆ ಬಂದರೆ ಮನೆಯವನು, ಬರದಿದ್ದರೆ ಹೊರಗಿನವನು. ಅದು ಗೊತ್ತಿದ್ದೇ ನಾನು ಅಂಚೆಪೆಟ್ಟಿಗೆಯ ಮುಂದೆ ನಿಂತು, ತಿರುಗಿ ಬಂದು, ಲಕೋಟೆಯನ್ನು ಟ್ರಂಕಿನ ತಳದಲ್ಲಿ ಮದುವೆಯ ಸೀರೆಯ ಕೆಳಗೆ ತುರುಕಿದೆ. ನೀನು "ಹಾಕಿದೇನ?" ಎಂದು ಕೇಳಲೇ ಇಲ್ಲ. ಅವನು ಮುಂದಿನ ಹಬ್ಬಕ್ಕೆ ಬರಲಿಲ್ಲ, ಅದರ ಮುಂದಿನದಕ್ಕೂ ಇಲ್ಲ. ನೀನು ಅವನ ಪಾಲು ತೆಗೆದಿಡುತ್ತಿದ್ದೆ, ಅಂಚೆಯ ಮಾತು ಎತ್ತುತ್ತಿರಲಿಲ್ಲ. ಸಂಜೆಯ ಹಳಿಯಾಳ ಬಸ್ಸು ಬರುವ ಹೊತ್ತಿಗೆ ಮಾತ್ರ ಕಟ್ಟೆಯ ಮೇಲೆ ಕೂತು ರಸ್ತೆ ನೋಡುತ್ತಿದ್ದೆ. ನಾನು ಒಳಗಿನಿಂದ ನೋಡಿ, ಗೆದ್ದೆ ಅಂದುಕೊಳ್ಳುತ್ತಿದ್ದೆ. ಈಗ ನೀನು ನನ್ನೊಬ್ಬಳ ಅವ್ವ.

ನೀನು ತೀರಿಕೊಂಡಾಗ ನಾನು ಅವನಿಗೆ ತಿಳಿಸಲಿಲ್ಲ. ಅದನ್ನೂ ಬರೆದುಬಿಡುತ್ತೇನೆ. ಮಣ್ಣು ಹಾಕುವಾಗಲೂ ನೀನು ಪೂರ್ತಿ ನನ್ನವಳೇ ಆಗಿರಬೇಕಿತ್ತು.

ಈ ಸಲ ಹಬ್ಬಕ್ಕೆ ಮೊದಲು ಪಾಪನಿವೇದನೆಗೆ ಹೋದೆ. ಎಲ್ಲ ಹೇಳಿದೆ. ದೇವರು ಕ್ಷಮಿಸಿದ್ದಾನೆ ಎಂದರು ಪಾದ್ರಿಗಳು. ಹಗುರಾಗಿ ಏಳುತ್ತಿದ್ದೆ, "ಕೂಡು. ಲಕೋಟೆ ಯಾರದೋ ಅವರ ಕೈಗೆ ಮುಟ್ಟಿಸು. ಮನೆಯವರ ಮುಂದ ಹೇಳಿ ಮುಟ್ಟಿಸು" ಅಂದರು. ನೀನು ಫಿಲಿಪ್ಪನಿಗೆ ಹೇಳಿದ ಮಾತೇ ಅಲ್ಲವೇ ಅದು? ಮೊದಲೇ ಅವರ ಕಿವಿಯಲ್ಲಿ ಹೇಳಿಟ್ಟಿದ್ದೆಯೋ ಏನೋ! ಮೂರು ದಿನ ಎಸ್‌ಟಿಡಿ ಬೂತಿನ ಮುಂದೆ ಹೋಗಿ ಹೋಗಿ ಬಂದೆ. ನಾಲ್ಕನೇ ದಿನ ಅವನಿಗೆ ಫೋನು ಮಾಡಿ, ನೀನು ತೀರಿಕೊಂಡದ್ದು ಹೇಳಿ, ಹಬ್ಬಕ್ಕೆ ಬಾ ಎಂದೆ.

ಅವನು ಬಂದ, ಕೂದಲು ನರೆತಿತ್ತು. ಈ ಸಲವೂ ಮೆಟ್ಟಿಲ ಕೆಳಗೇ ನಿಂತ. ಗಂಡ, ಮಕ್ಕಳು ಎಲ್ಲರೂ ಕೂತಿದ್ದರು. ನಾನು ಟ್ರಂಕು ತೆಗೆದು ಲಕೋಟೆ ತಂದು ಹೇಳಿದೆ. "ಇದನ್ನ ಅವ್ವ ನಿನಗ ಕಳಸಿದ್ಲು. ನಾ ಮುಚ್ಚಿಟ್ಟೆ. ನಿನ್ನ ಹೊರಗ ಹಾಕಬೇಕಂತ ಮುಚ್ಚಿಟ್ಟೆ." ಅವನು ಲಕೋಟೆಯನ್ನೇ ನೋಡುತ್ತ ಹೇಳಿದ:

"ನನಗ ಗೊತ್ತಿತ್ತಕ್ಕಾ. ಮಾವಶಿ ಆವಾಗ ಕಾರ್ಡ್ ಬರಸಿದ್ರು. 'ನಿನ್ನ ಪಾಲು ಲೂಸಿ ಟ್ರಂಕಿನ್ಯಾಗ ಐತಿ, ನಾ ಕಂಡೇನಿ. ನಾ ತಗದು ಕಳಸಾಂಗಿಲ್ಲ, ಆಕಿನ ಕೊಡಬೇಕು. ಅಲ್ಲೀತನಕ ನೀ ಬರಬ್ಯಾಡ, ಆಕಿ ಹೊಟ್ಟಿ ಇನ್ನ ಉರಿಯಾಕತ್ತೈತಿ' ಅಂತ."

ಅವ್ವಾ... ಬಸ್ಸಿನಿಂದ ಅವನು ಇಳಿಯುವುದಿಲ್ಲ ಎಂದು ಗೊತ್ತಿದ್ದೇ ಕೂತಿದ್ದೆಯಾ ಕಟ್ಟೆಯ ಮೇಲೆ? ಬರಬೇಡ ಎಂದವಳು ನೀನೇ. ಕದ್ದವಳು ನಾನು, ಮಗನಂಥವನನ್ನು ಕಾಣದೆ ಕಣ್ಣು ಮುಚ್ಚಿದವಳು ನೀನು. ಒಂದು ಮಾತು ಬೈದಿದ್ದರೆ ಆಗುತ್ತಿರಲಿಲ್ಲವೇ? ಎರಡು ವರ್ಷ ನನ್ನ ಕೈಯಿಂದಲೇ ಊಟ ಮಾಡಿದೆ, ನನ್ನಿಂದಲೇ ತಲೆ ಬಾಚಿಸಿಕೊಂಡೆ. ಆ ಶಿಲುಬೆ ನೋಡಿ ಮುಖ ತಿರುಗಿಸಿದ್ದೆನಲ್ಲ, ಈಗ ಅದರ ಕೆಳಗೆ ದೀಪ ಹಚ್ಚಲು ಹೋದರೆ ಕಟ್ಟೆಯ ಮೇಲಿನ ನಿನ್ನ ಬೆನ್ನೇ ಕಾಣುತ್ತದೆ.

ಲಕೋಟೆ ಒಡೆದರೆ ಕಾಳಿಗೆ ಹುಳ ಹಿಡಿದು ಹೊಟ್ಟು ಅಷ್ಟೇ ಉಳಿದಿತ್ತು. ನಾಚಿಕೆಯಾಗಿ ಎಸೆಯಲು ಹೋದೆ. ಅವನು ಕಸಿದುಕೊಂಡು, "ಮಾವಶಿ ಕೈದು" ಎಂದು ಹಾಗೇ ಬಾಯಿಗೆ ಹಾಕಿಕೊಂಡ.

ಆದರೂ ಒಂದು ಹೇಳುತ್ತೇನೆ. ಆ ಕಾರ್ಡನ್ನು ಅವನು ಇನ್ನೂ ಇಟ್ಟುಕೊಂಡಿದ್ದಾನೆ. ನಿನ್ನ ಕಾಗದ ನನ್ನ ಹತ್ತಿರ ಒಂದೂ ಇಲ್ಲ, ಜೊತೆಗೇ ಇದ್ದವಳಿಗೆ ಯಾರು ಕಾಗದ ಬರೆಯುತ್ತಾರೆ? ಅದಕ್ಕೂ ಉರಿಯಿತು. ಇಷ್ಟೆಲ್ಲ ಆದ ಮೇಲೂ! ನೀನು ಹೆತ್ತ ಮಗಳು ಇಂಥವಳು, ಏನು ಮಾಡುತ್ತೀ?

ಅಂತೋನನ ತಾಟನ್ನು ನಾನೇ ತೊಳೆದು ಅವನ ಮುಂದೆ ಇಟ್ಟೆ. ಹೊಸ ತೆನೆಯ ಮೊದಲ ಪಾಲನ್ನು ಅವನ ಕೈಗೇ ಹಾಕಿದೆ, ಅವ್ವಾ. ಹೊಟ್ಟೆಕಿಚ್ಚು ಇನ್ನೂ ಆರಿರಲಿಲ್ಲ. ಆದರೂ ಹಾಕಿದೆ.

ನಿನ್ನ,
ಲೂಸಿ